ಆಷಾಢದ ಮಳೆಯಲ್ಲಿ ಹಿತ್ತಲಿಗೆ ಕೈ ಬೇಕು

ಜೂನ್ 5 ಪರಿಸರ ದಿನ. ಅವತ್ತು ನಮ್ಮ ಬಡಾವಣೆಯವರು ಸೇರಿ ತರಕಾರಿ ಬೆಳೆಯುವ ಹಿತ್ತಲು ತುಂಬಿ ಹೋಗುತ್ತದೆ. ಶಾಲೆ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಬೆಳಗಿನ ವಾಕಿಂಗಿಗೆ ಬಂದವರು, ಎಲ್ಲರ ಕೈಯಲ್ಲೂ ಒಂದೊಂದು ಸಸಿ. ನನಗೆ ಆ ದಿನ ತುಂಬ ಇಷ್ಟ. ಮಕ್ಕಳು ಗುಂಡಿಗೆ ಕೈ ಹಾಕಿ ಎರೆಹುಳ ಕಂಡು ಕಿರುಚುವುದನ್ನು ನೋಡಲಿಕ್ಕೇ ಚೆಂದ. ಆಮೇಲೆ ಮಳೆ ಹಿಡಿಯುತ್ತದೆ. ಮೃಗಶಿರ ಮಳೆ ಕಳೆದು ಆರಿದ್ರೆ ಮಳೆ ಶುರುವಾಗುವ ಹೊತ್ತಿಗೆ ಭಾನುವಾರ ಬೆಳಿಗ್ಗೆ ಗೇಟಿನ ಹತ್ತಿರ ನಾಲ್ಕೈದು ಜನ ಮಾತ್ರ ಉಳಿದಿರುತ್ತೇವೆ. ಹಿತ್ತಲಿಗೆ ನಿಜವಾಗಿ ಕೈ ಬೇಕಾಗುವುದು ಆಗಲೇ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ನನ್ನ ಬಗ್ಗೆ ಎರಡು ಮಾತು. ನಾನು ಶಿವಮೊಗ್ಗದ ಎಪಿಎಂಸಿ ಯಾರ್ಡಿನಲ್ಲಿ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ವಾರವಿಡೀ ರಾಶಿ, ಸರಕು, ಬೆಟ್ಟೆ, ಗೊರಬಲು ಅನ್ನುವ ಅಡಿಕೆಯ ಬಗೆಗಳು, ಚೀಲದ ತೂಕ, ಅವತ್ತಿನ ರೇಟು. ಹುಟ್ಟಿ ಬೆಳೆದಿದ್ದು ಹೊಸನಗರದ ಕಡೆ ಒಂದು ಹಳ್ಳಿಯಲ್ಲಿ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಕುಂಡದಲ್ಲಿ ದೊಡ್ಡಪತ್ರೆ, ಒಂದೆಲಗ ಬೆಳೆಸಿದ್ದು ಬಿಟ್ಟರೆ ಮಣ್ಣಿನ ಸಂಪರ್ಕ ತಪ್ಪಿಯೇ ಹೋಗಿತ್ತು. ಗೋಪಾಳದ ಕಡೆ ನಮ್ಮ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗ ಇದೆ. ಅದರ ಹಿಂದಿನ ಅರ್ಧದಲ್ಲಿ ಪಾರ್ಥೇನಿಯಂ, ಒಡೆದ ಟೈಲ್ಸು, ಯಾರೋ ಮನೆ ಕಟ್ಟಿಸಿ ಉಳಿದ ಜಲ್ಲಿ ರಾಶಿ ಬಿದ್ದಿತ್ತು. ಕೆಲವರು ಸೇರಿ ಅನುಮತಿಗೆ ಓಡಾಡಿದರು. ಅದು ಬೇರೆಯೇ ಕತೆ, ಇಲ್ಲಿ ಬೇಡ. ಅಂತೂ ಈಗ ಅಲ್ಲಿ ಏರುಮಡಿಗಳಿವೆ, ಬಸಳೆ ಚಪ್ಪರ ಇದೆ, ಮೂಲೆಯಲ್ಲಿ ಗೊಬ್ಬರದ ಗುಂಡಿ ಇದೆ. ಯಾರ ಹೆಸರಿನಲ್ಲೂ ಯಾವ ಮಡಿಯೂ ಇಲ್ಲ. ಎಲ್ಲರೂ ಎಲ್ಲ ಕೆಲಸ ಮಾಡಬೇಕು, ಬೆಳೆದದ್ದನ್ನು ಎಲ್ಲರೂ ಹಂಚಿಕೊಳ್ಳಬೇಕು.

ಶಿವಮೊಗ್ಗವನ್ನು ಮಲೆನಾಡಿನ ಹೆಬ್ಬಾಗಿಲು ಅನ್ನುತ್ತಾರಲ್ಲ, ತರಕಾರಿ ಬೆಳೆಯಲು ಹೊರಟವರಿಗೆ ಅದರ ಅರ್ಥ ಚೆನ್ನಾಗಿ ಗೊತ್ತಾಗುತ್ತದೆ. ಪಡುವಣಕ್ಕೆ ಹೋದರೆ ತೀರ್ಥಹಳ್ಳಿ, ಆಗುಂಬೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ. ಮೂಡಣಕ್ಕೆ ಸ್ವಲ್ಪ ದೂರ ಹೋದರೆ ಬಯಲುಸೀಮೆ. ನಾವು ನಡುವೆ. ಆಗುಂಬೆಯ ಮಳೆಯಲ್ಲಿ ಒಂದು ಸಣ್ಣ ಪಾಲು ಮಾತ್ರ ನಮಗೆ ಸಿಗುವುದು. ಆದರೆ ಕೆಲವು ಸಲ ಒಂದು ವಾರದಲ್ಲೇ ಸುರಿದು ಹೋಗುತ್ತದೆ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆಲ್ಲ ನೀರು ನುಗ್ಗಿದ್ದು ಇಲ್ಲಿಯವರಿಗೆ ಮರೆತಿಲ್ಲ. 2023ರಲ್ಲಿ ಅದೇ ಆಗಸ್ಟು ಪೂರ್ತಿ ಒಣ. ಹಾಗಾಗಿ ಒಂದೇ ಹಿತ್ತಲಲ್ಲಿ ನೀರು ಹೊರಗೆ ಕಳಿಸುವುದೂ ಗೊತ್ತಿರಬೇಕು, ಹಿಡಿದಿಡುವುದೂ ಗೊತ್ತಿರಬೇಕು.

ನಮ್ಮ ಜಾಗ ಇಳಿಜಾರು. ಮೇಲಿನ ರಸ್ತೆಯ ನೀರೆಲ್ಲ ನಮ್ಮ ಮೇಲೇ ಹಾದು ಹೋಗುತ್ತದೆ. ಮೊದಲ ಮಳೆಗಾಲದಲ್ಲಿ ಟೊಮೆಟೊ, ಬದನೆ ಎರಡೂ ಚೆನ್ನಾಗಿ ಎದ್ದಿದ್ದವು. ಹೂ ಬಂದಿತ್ತು. ಒಂದು ಭಾನುವಾರ ನೋಡಿದರೆ ಮೇಲಿನ ಮಡಿಯ ಒಂದು ಗಿಡ ಬಾಡಿ ನಿಂತಿದೆ. ಎಲೆ ಹಳದಿ ಆಗಿರಲಿಲ್ಲ, ಚುಕ್ಕೆ ಇರಲಿಲ್ಲ, ಹುಳ ಇರಲಿಲ್ಲ. ಹಸಿರಾಗಿದ್ದಂತೆಯೇ ಜೋತು ಬಿದ್ದಿತ್ತು. ನೀರು ಕಡಿಮೆ ಆಯಿತಾ ಅಂದರೆ ಮಣ್ಣು ಒದ್ದೆ. ಮುಂದಿನ ವಾರ ಅದರ ಕೆಳಗಿನ ಸಾಲು. ಅದರ ಮುಂದಿನ ವಾರ ಅದಕ್ಕೂ ಕೆಳಗಿನದು.

ನಮ್ಮಲ್ಲಿ ನಿವೃತ್ತ ಜೀವಶಾಸ್ತ್ರ ಮೇಷ್ಟ್ರು ಒಬ್ಬರಿದ್ದಾರೆ. ಅವರು ಮನೆಯಿಂದ ಒಂದು ಗಾಜಿನ ಲೋಟ ತಂದರು. ಸೊರಗಿದ ಗಿಡದ ಬುಡದ ಹತ್ತಿರ ಗೇಣುದ್ದ ಕಾಂಡ ಕತ್ತರಿಸಿ, ಕೊಯ್ದ ತುದಿ ನೀರಿನಲ್ಲಿ ಮುಳುಗುವ ಹಾಗೆ ಹಿಡಿದರು. "ಅಲುಗಾಡಿಸಬೇಡಿ, ಸುಮ್ನೆ ನೋಡ್ತಾ ಇರಿ" ಅಂದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೊಯ್ದ ತುದಿಯಿಂದ ಬೆಳ್ಳಗಿನ ಒಂದು ಎಳೆ ಇಳಿಯಲು ಶುರುವಾಯಿತು. ಊದುಬತ್ತಿಯ ಹೊಗೆ ಮೇಲಕ್ಕೆ ಏಳುತ್ತದಲ್ಲ, ಅದನ್ನೇ ತಲೆಕೆಳಗು ಮಾಡಿದ ಹಾಗೆ. ಒಂದು ಎಳೆ, ಪಕ್ಕದಲ್ಲಿ ಇನ್ನೊಂದು. ಲೋಟದ ತಳ ಮಬ್ಬಾಯಿತು. ಅದು ದುಂಡಾಣು. ಗಿಡದೊಳಗೆ ನೀರು ಏರುವ ನಾಳಗಳಲ್ಲಿ ಅದು ತುಂಬಿಕೊಂಡು ದಾರಿ ಕಟ್ಟಿಬಿಡುತ್ತದೆ. ಬುಡದಲ್ಲಿ ಎಷ್ಟು ನೀರಿದ್ದರೂ ಎಲೆಗೆ ತಲುಪುವುದಿಲ್ಲ. ಆರೋಗ್ಯವಾಗಿದ್ದ ಗಿಡದ ಕಾಂಡವನ್ನೂ ಹಾಗೇ ಹಿಡಿದು ತೋರಿಸಿದರು. ನೀರು ತಿಳಿಯಾಗಿಯೇ ಇತ್ತು.

ಇದಕ್ಕೆ ದುಂಡಾಣು ಸೊರಗು ರೋಗ ಅನ್ನುತ್ತಾರೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲ ಒಂದೇ ಕುಟುಂಬ, ಎಲ್ಲಕ್ಕೂ ಬರುತ್ತದೆ. ಬೆಚ್ಚಗಿನ ಹವೆ, ತೇವ, ಹುಳಿ ಮಣ್ಣು, ಮೂರೂ ಸೇರಿದರೆ ಅದಕ್ಕೆ ಹಬ್ಬ. ಮಲೆನಾಡಿನ ಕೆಂಪು ಮಣ್ಣಿನಲ್ಲಿ ಮಳೆಗೆ ಸುಣ್ಣದಂಶ ತೊಳೆದು ಹೋಗಿ ಹುಳಿ ಉಳಿಯುತ್ತದೆ. ಸಿಂಪಡಿಸಿ ವಾಸಿ ಮಾಡುವ ಔಷಧಿ ಇಲ್ಲ. ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಎಲ್ಲಕ್ಕಿಂತ ಮುಖ್ಯ, ಅದು ಹರಿಯುವ ನೀರಿನ ಜೊತೆ ಹೋಗುತ್ತದೆ. ಮೇಲಿನ ಮಡಿಯ ನೀರು ಕೆಳಗಿನ ಮಡಿಗೆ ಇಳಿದರೆ ರೋಗವೂ ಇಳಿಯುತ್ತದೆ. ನಾವು ಕಂಡಿದ್ದು ಅದನ್ನೇ.

ಅವತ್ತಿನಿಂದ ನನಗೆ ನಮ್ಮ ಹಿತ್ತಲಿನ ಅತಿ ದೊಡ್ಡ ಕೆಲಸ ಬಸಿಗಾಲುವೆ ಅನ್ನಿಸಿದೆ. ನಮ್ಮೂರಲ್ಲಿ ಅಪ್ಪ ಅಡಿಕೆ ತೋಟದ ಕಾಲುವೆಗಳನ್ನು ಮಳೆ ಹಿಡಿಯುವ ಮೊದಲೇ ಕೆತ್ತಿಸುತ್ತಿದ್ದರು. ಅಡಿಕೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಅದು ಅಲ್ಲಿ ಮಕ್ಕಳಿಗೂ ಗೊತ್ತು. ಇಲ್ಲಿ ನಾವು ಮೇಲಿನ ಬದಿಗೆ ಅಡ್ಡಲಾಗಿ ಒಂದು ಕಾಲುವೆ ತೆಗೆದು ರಸ್ತೆ ನೀರನ್ನು ಬೇಲಿ ಪಕ್ಕಕ್ಕೆ ತಿರುಗಿಸಿದೆವು. ಪ್ರತಿ ಎರಡು ಮಡಿಗಳ ನಡುವೆ ಇನ್ನೊಂದು, ಒಂದು ಮಡಿಯ ನೀರು ಮತ್ತೊಂದನ್ನು ಮುಟ್ಟದೇ ನೇರ ಕೆಳಗೆ ಹೋಗುವ ಹಾಗೆ. ಎಲ್ಲವೂ ಸೇರುವ ಕೊನೆಯ ಗುಂಡಿಯಲ್ಲಿ ಕೆಸು ನೆಟ್ಟಿದ್ದೇವೆ. ಅದಕ್ಕೆ ಎಷ್ಟು ನೀರಾದರೂ ಬೇಕು. ಆಷಾಢದಲ್ಲಿ ಆ ಎಲೆಯಲ್ಲಿ ಪತ್ರೊಡೆ ಆಗುತ್ತದೆ. ಹುಳಿ ಮಾತ್ರ ಧಾರಾಳ ಹಾಕಬೇಕು, ಇಲ್ಲದಿದ್ದರೆ ಗಂಟಲು ಕೆರೆತ ತಪ್ಪಿದ್ದಲ್ಲ.

ಆದರೆ ಕಾಲುವೆ ಒಂದು ಸಲ ತೆಗೆದರೆ ಮುಗಿಯುವ ಕೆಲಸ ಅಲ್ಲ. ಜೋರು ಮಳೆ ಒಂದು ರಾತ್ರಿ ಬಂದರೆ ಸಾಕು, ಬದು ಕುಸಿದು, ದರಗು ಅಂದರೆ ಉದುರಿದ ಒಣ ಎಲೆ ತುಂಬಿ, ಎಲ್ಲೋ ಒಂದು ಕಡೆ ಕಟ್ಟಿಕೊಳ್ಳುತ್ತದೆ. ನೀರು ಮಡಿ ಹತ್ತುತ್ತದೆ. ಆವತ್ತೇ ಯಾರಾದರೂ ಗುದ್ದಲಿ ಹಿಡಿದು ಹೋಗಿ ಬಿಡಿಸಬೇಕು. ಭಾನುವಾರದ ತನಕ ಕಾಯಲಾಗುವುದಿಲ್ಲ. ಜೂನ್ ಐದರಂದು ನೆಟ್ಟ ಸಸಿ ಬದುಕುವುದು, ಸಾಯುವುದು ಜುಲೈಯ ಈ ಅರ್ಧ ಗಂಟೆಯ ಮೇಲೆ ನಿಂತಿರುತ್ತದೆ.

ಬದನೆಗೆ ಇನ್ನೊಂದು ದಾರಿ ಸಿಕ್ಕಿತು, ಅದನ್ನು ಹೇಳದೇ ಇರಲಾಗುವುದಿಲ್ಲ. ಸುಂಡೆ ಗಿಡ ನೀವೆಲ್ಲ ನೋಡಿರುತ್ತೀರಿ. ಬೇಲಿ ಬದಿ, ಖಾಲಿ ಸೈಟು, ರಸ್ತೆ ಪಕ್ಕ, ಎಲ್ಲೆಂದರಲ್ಲಿ ಎದ್ದಿರುತ್ತದೆ. ಮುಳ್ಳು, ಬಿಳಿ ಹೂ, ಗೊಂಚಲು ಗೊಂಚಲು ಹಸಿರು ಕಾಯಿ. ಬದನೆಯ ಹತ್ತಿರದ ನೆಂಟ. ಈ ಸೊರಗು ರೋಗವನ್ನು ಅದರ ಬೇರು ಚೆನ್ನಾಗಿ ತಡೆದುಕೊಳ್ಳುತ್ತದೆ. ಅದಕ್ಕೇ ಸುಂಡೆ ಬೇರಿನ ಮೇಲೆ ಬದನೆ ಕಸಿ ಕಟ್ಟುವುದು ಈಗ ಎಷ್ಟೋ ಕಡೆ ನಡೆದಿದೆ. ನಮಗೆ ಕಲಿಸಿದ್ದು ನರ್ಸರಿಯಲ್ಲಿ ಕೆಲಸ ಮಾಡುವ ತೀರ್ಥಹಳ್ಳಿ ಕಡೆಯ ಹುಡುಗ. ಭಾನುವಾರ ಅವನಿಗೂ ರಜೆ. ಬರುತ್ತೇನೆ ಅಂದವನು ಬಂದೇ ಬಿಟ್ಟ.

ಸುಂಡೆ ಬೀಜ ಹುಟ್ಟುವುದು ನಿಧಾನ, ಒಟ್ಟಿಗೆ ಹುಟ್ಟುವುದೂ ಇಲ್ಲ. ಹಾಗಾಗಿ ಅದನ್ನು ಮೊದಲು ಹಾಕಬೇಕು, ಕೆಲವು ವಾರ ಬಿಟ್ಟು ಬದನೆ ಬೀಜ. ಎರಡರ ಕಾಂಡವೂ ಒಂದೇ ದಪ್ಪ ಬಂದಾಗ ಕಸಿ. ಹುಡುಗ ಬ್ಲೇಡನ್ನು ಸ್ಪಿರಿಟ್ಟಿನಲ್ಲಿ ಒರೆಸಿಕೊಂಡ. ಸುಂಡೆ ಸಸಿಯ ತಲೆ ತೆಗೆದು, ಉಳಿದ ಕಾಂಡದ ನಡುವೆ ನೆಟ್ಟಗೆ ಒಂದು ಸೀಳು ಕೊಟ್ಟ. ಬದನೆ ಸಸಿಯ ತುದಿಯಲ್ಲಿ ಎರಡು ಎಳೆ ಎಲೆ ಉಳಿಸಿ, ಬುಡವನ್ನು ಎರಡೂ ಕಡೆಯಿಂದ ಓರೆಯಾಗಿ ಕೆತ್ತಿ ಬೆಣೆ ಮಾಡಿದ. ಬೆಣೆಯನ್ನು ಸೀಳಿಗೆ ಇಳಿಸಿ, "ಸಿಪ್ಪೆಗೆ ಸಿಪ್ಪೆ ಕೂಡಬೇಕು ಅಕ್ಕ, ಒಂದು ಬದಿಯಾದ್ರೂ ಸರಿ ಕೂಡ್ಲೇಬೇಕು" ಅಂದ. ಮೇಲೆ ತೆಳು ಪ್ಲಾಸ್ಟಿಕ್ ಪಟ್ಟಿ ಸುತ್ತಿ ಕಟ್ಟಿದ. ಆಮೇಲೆ ಕುಂಡದ ಸಮೇತ ಪ್ಲಾಸ್ಟಿಕ್ ಕವರ್ ಮುಚ್ಚಿ ನೆರಳಿನಲ್ಲಿಡಬೇಕು. ಕವರಿನೊಳಗೆ ಬೆವರು ಕಟ್ಟಿರಬೇಕು, ಒಣಗಿದರೆ ಕಸಿ ಹೋಯಿತು. ಒಂದು ವಾರ ಹತ್ತು ದಿನದಲ್ಲಿ ಎಲೆ ಹಾಗೇ ನಿಂತಿದ್ದರೆ ಕೂಡಿಕೊಂಡಿದೆ ಅಂತ ಅರ್ಥ.

ನೆಡುವಾಗ ಕಸಿಯ ಗಂಟು ಮಣ್ಣಿನ ಮೇಲೇ ಇರಬೇಕು. ಮಣ್ಣಿನಲ್ಲಿ ಹುಗಿದರೆ ಬದನೆಯೇ ಬೇರು ಬಿಡುತ್ತದೆ, ಆ ಬೇರಿಗೆ ರೋಗ ಹತ್ತುತ್ತದೆ, ಪಟ್ಟ ಶ್ರಮ ನೀರಿಗೆ. ಗಂಟಿನ ಕೆಳಗಿನಿಂದ ಸುಂಡೆ ಚಿಗುರು ಬರುತ್ತಲೇ ಇರುತ್ತದೆ, ಅದನ್ನು ಚಿವುಟುತ್ತಲೇ ಇರಬೇಕು. ಕಳೆದ ಮಳೆಗಾಲ ಪಕ್ಕದ ಮಡಿಯ ಕಸಿ ಇಲ್ಲದ ಗಿಡ ಸೊರಗಿದಾಗಲೂ ಈ ಗಿಡಗಳು ಕಾಯಿ ಬಿಡುತ್ತಾ ನಿಂತಿದ್ದವು. ನನಗಾದ ಖುಷಿ ಅಷ್ಟಿಷ್ಟಲ್ಲ. ಟೊಮೆಟೊಗೂ ಹೀಗೇ ಬದನೆ ಬೇರಿನ ಮೇಲೆ ಕಸಿ ಮಾಡಬಹುದು. ತೈವಾನಿನಲ್ಲಿರುವ ವಿಶ್ವ ತರಕಾರಿ ಕೇಂದ್ರದವರು ಮಳೆಗಾಲದ ಟೊಮೆಟೊಗೆ ಇದನ್ನೇ ಹೇಳಿಕೊಟ್ಟಿದ್ದಾರೆ. ನಾವು ಸದ್ಯಕ್ಕೆ ಟೊಮೆಟೊಗೆ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹಾಕುತ್ತಿದ್ದೇವೆ. ಸೊರಗು ರೋಗ, ಎಲೆ ಮುಟುರು ಎರಡಕ್ಕೂ ತಡೆದುಕೊಳ್ಳುವ ತಳಿ ಅದು. ರೋಗ ಬಂದ ಮಡಿಗೆ ಮಾತ್ರ ಈ ಕುಟುಂಬದ ಯಾವುದನ್ನೂ ಹಾಕುತ್ತಿಲ್ಲ. ಅಲ್ಲಿ ಈಗ ಅಲಸಂದೆ, ಮೆಕ್ಕೆಜೋಳ. ಸೊರಗಿದ ಗಿಡ ಗೊಬ್ಬರದ ಗುಂಡಿಗೂ ಹೋಗಬಾರದು.

ಮಣ್ಣು ಪರೀಕ್ಷೆ ಮಾಡಿಸಿದ್ದೂ ಆಗಲೇ. ಇಂಗ್ಲಿಷಿನ ವಿ ಅಕ್ಷರದ ಹಾಗೆ ಗುಂಡಿ ತೆಗೆದು, ಬದಿಯಿಂದ ಅರ್ಧ ಅಡಿ ಆಳದವರೆಗೆ ಮಣ್ಣು ಕೆರೆದು, ಹಿತ್ತಲಿನ ಬೇರೆ ಬೇರೆ ಕಡೆಯದ್ದನ್ನು ಬೆರೆಸಿ ಅರ್ಧ ಕೆಜಿ ಕೊಡಬೇಕು. ಮಣ್ಣು ಹುಳಿ ಅಂತಲೇ ಬಂತು. ಪರೀಕ್ಷೆ ಮಾಡಿದವರು ಹೇಳಿದ ಅಳತೆಗೆ ಸುಣ್ಣ ಹಾಕುತ್ತಿದ್ದೇವೆ.

ಇನ್ನು ಬಸವನಹುಳ. ಆಫ್ರಿಕನ್ ಬಸವನಹುಳ ಅನ್ನುವ ಆ ದೊಡ್ಡ ಶಂಖದ ಹುಳ ನಮ್ಮ ಜಿಲ್ಲೆಯಲ್ಲಿ ತೋಟದವರಿಗೂ ಕಾಟ, ನಮಗೂ ಕಾಟ. ಹಗಲು ಕಲ್ಲಿನ ಸಂದಿಯಲ್ಲಿ, ಕತ್ತಲಾದ ಮೇಲೆ ಎಳೆ ಸಸಿಯ ಮೇಲೆ. ಒಂದು ರಾತ್ರಿಯಲ್ಲಿ ಒಂದು ಸಾಲು ಹರಿವೆ ಮುಗಿಸುತ್ತದೆ. ವಿಷದ ಗುಳಿಗೆ ಹಾಕೋಣ ಅಂದವರಿದ್ದಾರೆ. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಮಕ್ಕಳು ಬರಿಗೈಯಲ್ಲಿ ಓಡಾಡುವ ಜಾಗ, ಬೀದಿನಾಯಿ, ಬೆಕ್ಕು, ಕೆಂಬೂತ ಬರುವ ಜಾಗ. ಬದಲಿಗೆ ನಾನು ಮಂಡಿಯಿಂದ ಹರಿದ ಗೋಣಿಚೀಲ ತರುತ್ತೇನೆ. ಅದನ್ನು ಒದ್ದೆ ಮಾಡಿ ಮಡಿಗಳ ಮಧ್ಯೆ ಹಾಸಿ, ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ಆಯಿತು. ಪಪ್ಪಾಯಿ ವಾಸನೆಗೆ ಹುಳಗಳು ಬಂದು ಸೇರುತ್ತವೆ. ಬೆಳಿಗ್ಗೆ ಚೀಲ ಎತ್ತಿ, ಕೈಗವಸು ಹಾಕಿಕೊಂಡು ಆರಿಸಿ, ಉಪ್ಪು ನೀರಿನ ಬಕೆಟ್ಟಿಗೆ. ಹಿತವಾದ ಕೆಲಸ ಅಲ್ಲ, ನಿಜ. ಆದರೆ ದಿನಾ ಒಬ್ಬರು ಮಾಡಿದರೆ ಎರಡೇ ವಾರದಲ್ಲಿ ವ್ಯತ್ಯಾಸ ಕಾಣುತ್ತದೆ. ಮಧ್ಯೆ ಬಿಟ್ಟರೆ ಮತ್ತೆ ಮೊದಲಿನಿಂದ.

ಮೂಲೆಮನೆ ಅಜ್ಜಿಯ ಬಗ್ಗೆ ಹೇಳಬೇಕು. ಅವರು ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ನೀರಿನಡಿ ಹೋದವಲ್ಲ, ಆಗ ಅವರು ಸಣ್ಣ ಹುಡುಗಿ. ಮನೆ ಬಿಡುವಾಗ ಅವರ ಅಮ್ಮ ಪಾತ್ರೆ ಪಗಡದ ಜೊತೆ ಒಂದು ಗಡಿಗೆ ಬೀಜವನ್ನೂ ಹೊತ್ತು ತಂದರಂತೆ, ಬೂದಿಯಲ್ಲಿ ಕಲಸಿ. ಅದರಲ್ಲಿದ್ದ ಮೊಗೆಕಾಯಿ ಇಂದಿಗೂ ಅವರ ಮನೆಯಲ್ಲಿ ತಪ್ಪಿಲ್ಲ. ಈಗ ನಮ್ಮ ಹಿತ್ತಲಿನಲ್ಲೂ ಇದೆ. ಉದ್ದಕ್ಕೆ ಹಸಿರು ಪಟ್ಟೆ ಇರುವ ಹಳದಿ ಕಾಯಿ, ಬಾಳೆನಾರಿನಲ್ಲಿ ಕಟ್ಟಿ ನೇತುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ಬೀಜ ತೆಗೆಯುವುದನ್ನು ಅಜ್ಜಿ ಕೈ ಹಿಡಿದು ಕಲಿಸಿದರು. ಬಳ್ಳಿಯಲ್ಲಿ ಮೊದಲು ಬಿಟ್ಟ, ಚೆನ್ನಾಗಿ ಹಣ್ಣಾದ ಕಾಯಿಯನ್ನು ಬೀಜಕ್ಕೆ ಬಿಡಬೇಕು. ತಿರುಳಿನ ಸಮೇತ ಬೀಜ ತೆಗೆದು ಒಂದು ದಿನ ನೀರಿನಲ್ಲಿ ಬಿಟ್ಟರೆ ಲೋಳೆ ಬಿಡುತ್ತದೆ. ಕೈಯಲ್ಲಿ ತಿಕ್ಕಿ ತೊಳೆಯುವಾಗ ಜೊಳ್ಳು ಮೇಲೆ ತೇಲುತ್ತದೆ, ಗಟ್ಟಿ ಬೀಜ ತಳಕ್ಕೆ ಕೂರುತ್ತದೆ. ತೇಲಿದ್ದನ್ನು ಚೆಲ್ಲಿ, ಉಳಿದದ್ದನ್ನು ನೆರಳಿನಲ್ಲಿ ಒಣಗಿಸಿ, ಜರಡಿ ಹಿಡಿದ ಬೂದಿಯಲ್ಲಿ ಬೆರೆಸಿ ಮುಚ್ಚಳ ಬಿಗಿಯಾದ ಡಬ್ಬಿಗೆ. ಮಲೆನಾಡಿನ ಮಳೆಗಾಲದಲ್ಲಿ ಬೀಜ ಹಾಳಾಗುವುದು ಥಂಡಿಗೆ. ಬೂದಿ ಆ ಥಂಡಿಯನ್ನು ಎಳೆದುಕೊಳ್ಳುತ್ತದೆ, ಹುಳವನ್ನೂ ದೂರ ಇಡುತ್ತದೆ. ಪೇಟೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ನಾನು ಸುಗ್ಗಿಯಲ್ಲಿ ಊರಿಗೆ ಹೋದಾಗ ಅಡಿಕೆ ಬೇಯಿಸುವ ಒಲೆಯ ಬೂದಿ ತರುತ್ತೇನೆ. ವರ್ಷಕ್ಕೆ ಒಂದು ಚೀಲ ಸಾಕು.

"ಬೀಜ ಒಬ್ರ ಮನೇಲೇ ಇಡ್ಬೇಡ ಮಾರಾಯ್ತಿ" ಅಂದರು ಅಜ್ಜಿ. "ಇಲಿ ಹೊಕ್ರೆ ಕತೆ ಮುಗೀತು. ನಾಲ್ಕು ಮನೇಲಿರ್ಲಿ." ಹಾಗಾಗಿ ಪ್ರತಿ ಬೀಜವೂ ನಾಲ್ಕು ಮನೆಯಲ್ಲಿದೆ. ಯಾವುದು ಯಾರ ಮನೆಯಲ್ಲಿ ಅನ್ನುವ ಲೆಕ್ಕದ ಪುಸ್ತಕ ನನ್ನ ಹತ್ತಿರ. ಅರ್ಕಾ ರಕ್ಷಕ್ ಆ ಪುಸ್ತಕಕ್ಕೆ ಬರುವುದಿಲ್ಲ. ಅದು ಹೈಬ್ರಿಡ್, ಅದರ ಬೀಜ ಹಾಕಿದರೆ ಅದೇ ಗುಣ ಬರುವುದಿಲ್ಲ. ಮೊಗೆಕಾಯಿ ಹತ್ತಿರ ಕರ್ಬೂಜ ಹಾಕಲೂ ಬಿಡುವುದಿಲ್ಲ ನಾನು. ಎರಡೂ ಒಂದೇ ಜಾತಿ, ಜೇನು ಎರಡರ ಮೇಲೂ ಕೂತು ಬಂದರೆ ಬೀಜ ಬೆರಕೆ. ಆರು ದಶಕ ಜತನ ಮಾಡಿದ ಬೀಜ ಅದು, ನಮ್ಮ ಕಾಲದಲ್ಲಿ ಕೆಡಬಾರದು. ಕೆಂಪು ಹರಿವೆಯಲ್ಲಿ ಬೀಜಕ್ಕೆ ಬಿಟ್ಟ ಗಿಡಕ್ಕೆ ಕೆಂಪು ಬಟ್ಟೆ ಚೂರು ಕಟ್ಟುತ್ತೇವೆ. ಅದನ್ನು ಯಾರೂ ಕೀಳಬಾರದು ಅಂತ ಮಕ್ಕಳಿಗೂ ಗೊತ್ತು.

ಹಂಚಿಕೆಯ ಬಗ್ಗೆ ಜಗಳ ಆಗಿದೆ, ಆಗುತ್ತಲೂ ಇರುತ್ತದೆ. ರಾತ್ರಿ ಯಾರೋ ಬಂದು ಹೀರೆಕಾಯಿ ಕೊಯ್ದುಕೊಂಡು ಹೋಗುತ್ತಾರೆ ಅಂತ ಗೇಟಿಗೆ ಬೀಗ ಹಾಕುವ ಮಾತು ಬಂತು. ನಾನು ಬೇಡ ಅಂದೆ. ಅದು ಸಾರ್ವಜನಿಕ ಜಾಗ, ಬೀಗ ಬಿದ್ದ ದಿನ ಅದು ನಾಲ್ಕು ಜನರ ಖಾಸಗಿ ತೋಟ ಆಗುತ್ತದೆ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಭಾನುವಾರ ಕೆಲಸ ಮಾಡಿದವರು ಅಂದಿನ ಸಾರಿಗೆ ಬೇಕಾದಷ್ಟು ಒಯ್ಯುವುದು. ಉಳಿದದ್ದನ್ನು ಗೇಟಿನ ಪಕ್ಕದ ಕಟ್ಟೆಯ ಮೇಲೆ ಅಡಿಕೆ ಹಾಳೆಯಲ್ಲಿ ಇಡುವುದು, ಯಾರು ಬೇಕಾದರೂ ತೆಗೆದುಕೊಳ್ಳಲಿ. ಕಸ ಗುಡಿಸುವ ಪೌರಕಾರ್ಮಿಕ ಅಕ್ಕಂದಿರಿಗೆ ಅದರಲ್ಲಿ ಮೊದಲ ಪಾಲು. ಮೊದಲೆಲ್ಲ ರಸ್ತೆಯ ದರಗಿಗೆ ಅಲ್ಲಲ್ಲೇ ಬೆಂಕಿ ಬೀಳುತ್ತಿತ್ತು. ಈಗ ಅದನ್ನು ಚೀಲ ತುಂಬಿ ನಮ್ಮ ಗುಂಡಿಗೆ ತಂದು ಹಾಕುವವರು ಅವರೇ. ಅವರಿಲ್ಲದೇ ನಮ್ಮ ಗೊಬ್ಬರ ಇಲ್ಲ.

ಈ ವರ್ಷದ ಕೆಲಸ ಹೀಗಿದೆ. ಮೇಲಿನ ಅಡ್ಡ ಕಾಲುವೆ ಇನ್ನೂ ಒಂದು ಅಡಿ ಆಳ ಆಗಬೇಕು, ಅದು ಆರಿದ್ರೆಗೆ ಮುಂಚೆ. ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ, ಅಂದರೆ ಜುಲೈ ಮೊದಲ ವಾರದಿಂದ ಆಗಸ್ಟ್ ಅರ್ಧದವರೆಗೆ, ದಿನಕ್ಕೆ ಒಬ್ಬರಂತೆ ಪಾಳಿ ಬೇಕು. ಕಾಲುವೆ ನೋಡುವುದು, ಗೋಣಿಚೀಲ ಎತ್ತುವುದು, ಸೊರಗಿದ ಗಿಡ ಕಂಡರೆ ಬೇರು ಸಮೇತ ಕಿತ್ತು ಹೊರಗೆ ಹಾಕುವುದು, ಕಸಿ ಬದನೆಯ ಬುಡದ ಸುಂಡೆ ಚಿಗುರು ಚಿವುಟುವುದು. ಅರ್ಧ ಗಂಟೆಯ ಕೆಲಸ. ಕೃಷಿ ಗೊತ್ತಿರಬೇಕು ಅಂತೇನೂ ಇಲ್ಲ, ಮೊದಲ ದಿನ ಯಾರಾದರೊಬ್ಬರು ಜೊತೆಗಿದ್ದು ತೋರಿಸುತ್ತೇವೆ. ಮಂಗಳವಾರ ಮತ್ತು ಶುಕ್ರವಾರದ ಪಾಳಿಗೆ ಸದ್ಯ ಯಾರೂ ಇಲ್ಲ. ಕೊಡೆ ಹಿಡಿದು ಕೆಲಸ ಮಾಡಲಾಗುವುದಿಲ್ಲ, ರೇನ್‌ಕೋಟು ತನ್ನಿ. ಗುದ್ದಲಿ, ಬುಟ್ಟಿ, ಕೈಗವಸು ನಮ್ಮಲ್ಲೇ ಇವೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಗೇಟಿನ ಹತ್ತಿರ ಬಂದರೆ ಪುಸ್ತಕದಲ್ಲಿ ನಿಮ್ಮ ಹೆಸರು, ದಿನ ಬರೆದುಕೊಳ್ಳುತ್ತೇನೆ.